ಹೆಸರು, ಹಸಿವು, ಹಂಚಿಕೊಂಡ ಲೋಕ: ಜಪಾನಿನ ಪಾತ್ರಧಾರಣ ಆಟಗಳು ಮತ್ತು ಅಭಿಮಾನಿ ಸಿದ್ಧಾಂತಗಳು

ಜಾನಪದ ಅಧ್ಯಯನದ ಮುಂದೆ ಹೊಸ ಸಾಮಗ್ರಿಯೊಂದು ಬಂದು ನಿಂತಾಗಲೆಲ್ಲ ಅದು ಜಾನಪದವೇ, ಅಲ್ಲವೇ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಮುದ್ರಿತ ಲಾವಣಿ ಪುಸ್ತಿಕೆ, ಧ್ವನಿಸುರುಳಿಗೆ ಇಳಿದ ಕಥನಗೀತೆ, ಮೊಬೈಲ್ ಫೋನಿನಲ್ಲಿ ಕೈಯಿಂದ ಕೈಗೆ ಸಾಗುವ ಹಾಸ್ಯಚಟಾಕಿ ಇವೆಲ್ಲ ಈ ತಪಾಸಣೆಯನ್ನು ದಾಟಿಯೇ ಒಳಬಂದವು. ‘ರೋಲ್ ಪ್ಲೇಯಿಂಗ್ ಗೇಮ್’ ಎಂದು ಕರೆಯಲಾಗುವ ಪಾತ್ರಧಾರಣ ಆಟಗಳ ಸುತ್ತ ಆಟಗಾರರು ಕಟ್ಟಿಕೊಂಡಿರುವ ವ್ಯಾಖ್ಯಾನಗಳ ರಾಶಿ ಮಾತ್ರ ಇನ್ನೂ ಹೊಸ್ತಿಲ ಹೊರಗೇ ಉಳಿದಿದೆ. ಆಟವು ಒಂದು ಸಂಸ್ಥೆಯ ಸರಕು, ಅದರ ಕರ್ತೃಗಳ ಹೆಸರು ದಾಖಲಾಗಿದೆ, ಆದುದರಿಂದ ಅದು ಜಾನಪದವಲ್ಲ ಎಂಬ ವಾದದಲ್ಲಿ ತಪ್ಪೇನೂ ಇಲ್ಲ. ಆದರೆ ಆಟದ ಬಗ್ಗೆ ಆಟಗಾರರು ತಮ್ಮತಮ್ಮೊಳಗೆ ಹೇಳಿಕೊಳ್ಳುವ ಕಥೆಯ ಸ್ಥಿತಿ ಬೇರೆ. ಅದನ್ನು ಮೊದಲು ಹೇಳಿದವರು ಯಾರೆಂದು ತಿಳಿಯದು. ಹೇಳುವವರು ಬದಲಾದಂತೆ ವಿವರ ಬದಲಾಗುತ್ತದೆ. ಒಬ್ಬರ ಊಹೆ ಇನ್ನೊಬ್ಬರಲ್ಲಿ ಪ್ರಮಾಣವಾಗಿ, ಮೂರನೆಯವರಲ್ಲಿ ಪರಂಪರೆಯಾಗಿ ನಿಲ್ಲುತ್ತದೆ. ಪಾಠಾಂತರ, ಪ್ರಸರಣ, ಸಮುದಾಯದ ಒಪ್ಪಿಗೆ ಎಂಬ ಮೂರೂ ಲಕ್ಷಣಗಳು ಇಲ್ಲಿ ಸ್ಪಷ್ಟವಾಗಿವೆ.

ಆಟಗಾರರು ‘ಫ್ಯಾನ್ ಥಿಯರಿ’ ಎಂದು ಕರೆಯುವ ಈ ವ್ಯಾಖ್ಯಾನಗಳನ್ನು ಇಲ್ಲಿ ‘ಅಭಿಮಾನಿ ಸಿದ್ಧಾಂತ’ ಎಂದು ಹೆಸರಿಸಲಾಗಿದೆ. ಇವುಗಳಲ್ಲಿ ಎರಡು ಪ್ರವೃತ್ತಿಗಳನ್ನು ಗುರುತಿಸಬಹುದು. ಆಟದ ಪಾತ್ರ, ಸ್ಥಳ, ಆಯುಧಗಳ ಹೆಸರಿನ ಹಿಂದೆ ಪುರಾಣಮೂಲವನ್ನು ಹುಡುಕಿ ಅದರಿಂದ ಅರ್ಥವನ್ನು ಹೊರಡಿಸುವುದು ಒಂದು. ಬೇರೆಬೇರೆ ಆಟಗಳು ಒಂದೇ ಲೋಕದಲ್ಲಿ ನಡೆಯುತ್ತವೆ ಎಂದು ತೋರಿಸಿ ಅವುಗಳಿಗೊಂದು ಕಾಲಾನುಕ್ರಮವನ್ನು ಕಟ್ಟುವುದು ಇನ್ನೊಂದು. ಮೊದಲನೆಯದು ನಿರುಕ್ತಕಾರನ ಕೆಲಸ, ಎರಡನೆಯದು ವಂಶಾವಳಿ ಬರೆಯುವವನ ಕೆಲಸ. ಮೇಲ್ನೋಟಕ್ಕೆ ಮೊದಲನೆಯದು ವಿದ್ವತ್ತಿನಂತೆ, ಎರಡನೆಯದು ಹುಡುಗಾಟದಂತೆ ತೋರುತ್ತದೆ. ಸಾಮಗ್ರಿಯನ್ನು ಹತ್ತಿರದಿಂದ ಪರಿಶೀಲಿಸಿದರೆ ಈ ಬೆಲೆಕಟ್ಟುವಿಕೆ ತಲೆಕೆಳಗಾಗುತ್ತದೆ. ಬರಿಯ ಹೆಸರನ್ನು ಹಿಡಿದು ಹೊರಟ ಸಂಕೇತಶೋಧ ಅನೇಕ ವೇಳೆ ಲಿಪಿಯ ಬಲೆಯಲ್ಲಿ ಸಿಕ್ಕಿಕೊಂಡಿದೆ. ಲೋಕಗಳನ್ನು ಬೆಸೆಯುವ ಕಲ್ಪನೆಯಾದರೋ ಪುರಾಣಗಳು ನಿಜಕ್ಕೂ ಬೆಳೆದ ಬಗೆಗೆ ಹತ್ತಿರವಾಗಿದೆ. ಆದರೆ ಆ ಬೆಸುಗೆಗೆ ನಮ್ಮ ಕಾಲದಲ್ಲಿ ಹಿಂದೆಂದೂ ಇಲ್ಲದ ಒಂದು ಎಲ್ಲೆ ಬಂದೊದಗಿದೆ.

ಆ ಎಲ್ಲೆಯ ಗುರುತು ಈ ಆಟಪ್ರಕಾರದ ಬಾಲ್ಯದಲ್ಲಿಯೇ ಸಿಗುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕುಳಿತು ಮಾತಿನಲ್ಲೇ ಆಡುವ ಆಟ. ಅದಕ್ಕೆ ಪೂರಕವಾಗಿ 1980ರಲ್ಲಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಗ್ರಂಥವು ಗ್ರೀಕ್, ನಾರ್ಸ್, ಈಜಿಪ್ಟ್, ಜಪಾನ್ ಮುಂತಾದ ದೇವಗಣಗಳ ಜೊತೆಗೆ ಭಾರತೀಯ ದೇವತೆಗಳನ್ನೂ ಸೇರಿಸಿಕೊಂಡು, ಪ್ರತಿಯೊಬ್ಬರಿಗೂ ಪ್ರಾಣಬಲ, ರಕ್ಷಣಾಬಲಗಳ ಅಂಕಗಳನ್ನು ಕೊಟ್ಟಿತು. ಇಂದ್ರನಿಗೆ ಅಂಕ ಕೊಡುವುದಕ್ಕೆ ಯಾರ ಅನುಮತಿಯೂ ಬೇಕಾಗಲಿಲ್ಲ. ಅದೇ ಗ್ರಂಥದ ಮೊದಲ ಮುದ್ರಣದಲ್ಲಿದ್ದ ಕಥುಲು ಮತ್ತು ಮೆಲ್ನಿಬೋನೆ ವಿಭಾಗಗಳನ್ನು, ಅಂದರೆ ಆಧುನಿಕ ಲೇಖಕರು ಸೃಷ್ಟಿಸಿದ ದೇವಗಣಗಳನ್ನು, ಮುಂದಿನ ಮುದ್ರಣಗಳಲ್ಲಿ ಕೈಬಿಡಲಾಯಿತು. ಅವನ್ನು ಆಟಗಳಲ್ಲಿ ಬಳಸುವ ಪರವಾನಗಿ ಕೇಯೋಸಿಯಮ್ ಎಂಬ ಬೇರೊಂದು ಸಂಸ್ಥೆಯ ಬಳಿ ಇದ್ದಿತು. ಒಡೆಯನಿಲ್ಲದ ದೇವರು ಒಳಗೆ, ಒಡೆಯನಿರುವ ದೇವರು ಹೊರಗೆ. ಮುಂದೆ ಪ್ರಸ್ತಾಪಿಸಲಾಗುವ ಹಲವು ವಿವಾದಗಳ ಬೀಜ ಈ ಸಣ್ಣ ಸಂಪಾದನೆಯ ಘಟನೆಯಲ್ಲಿದೆ.

ಜಪಾನಿನ ಆಟರಚಕರು ಈ ಅಮೆರಿಕನ್ ಪರಂಪರೆಯಿಂದ ಹೆಸರುಗಳನ್ನು ಎರವಲು ಪಡೆದರು. ಎರವಲಿನಲ್ಲಿ ಮೂಲ ಎಷ್ಟು ದೂರ ಸರಿಯುತ್ತದೆ ಎಂಬುದಕ್ಕೆ ‘ಬಹಾಮುತ್’ ಒಳ್ಳೆಯ ನಿದರ್ಶನ. ಹೀಬ್ರೂ ಪರಂಪರೆಯ ಬೆಹೆಮೋತ್ ಎಂಬ ಮಹಾಪ್ರಾಣಿಯ ಹೆಸರು ಅರಬ್ ವಿಶ್ವರಚನಾ ಕಥೆಗಳಲ್ಲಿ ಭೂಮಿಯನ್ನು ಹೊತ್ತ ವೃಷಭವನ್ನೇ ಹೊತ್ತಿರುವ ಮಹಾಮತ್ಸ್ಯದ ಹೆಸರಾಯಿತು. ಅದನ್ನು 1977ರ ‘ಮಾನ್‌ಸ್ಟರ್ ಮ್ಯಾನ್ಯುಅಲ್’ ಡ್ರ್ಯಾಗನ್‌ಗಳ ದೊರೆಗೆ ಇಟ್ಟಿತು. 1987ರ ‘ಫೈನಲ್ ಫ್ಯಾಂಟಸಿ’ ಆಟದಿಂದ ಮುಂದೆ ಬಹಾಮುತ್ ಎಂದರೆ ಡ್ರ್ಯಾಗನ್ ಎಂಬುದೇ ಆಟಗಾರರ ಲೋಕದಲ್ಲಿ ಸ್ಥಿರವಾಯಿತು. ಮೀನು ಡ್ರ್ಯಾಗನ್ ಆದುದನ್ನು ‘ತಪ್ಪು’ ಎನ್ನುವುದು ಜಾನಪದ ವಿದ್ಯಾರ್ಥಿಗೆ ಸಲ್ಲದು. ಆದರೆ ಬಹಾಮುತ್ ಜಗತ್ತಿನ ಭಾರ ಹೊತ್ತವನಾದ್ದರಿಂದ ಆಟದ ಡ್ರ್ಯಾಗನ್ ಕೂಡ ಜಗದಾಧಾರದ ಸಂಕೇತ ಎಂದು ವಾದಿಸುವುದು ನಡುವಿನ ಮೆಟ್ಟಿಲುಗಳನ್ನು ನೋಡದೆ ಹಾರಿದಂತೆ.

ಇದೇ ಸರಣಿಯಲ್ಲಿ ‘ಶಿವ’ ಎಂಬುದು ಹಿಮವನ್ನು ಸುರಿಸುವ ಒಬ್ಬ ಸ್ತ್ರೀಯ ಹೆಸರು. 1990ರ ‘ಫೈನಲ್ ಫ್ಯಾಂಟಸಿ 3’ರಲ್ಲಿ ಆವಾಹಿಸಬಹುದಾದ ಶಕ್ತಿಯಾಗಿ ಬಂದ ಈ ರೂಪ ಮುಂದಿನ ಕಂತುಗಳಲ್ಲಿ ನೆಲೆಯೂರಿತು. ಕೈಲಾಸದ ಹಿಮವೇ ಇದರ ಕಾರಣ ಎನ್ನುವವರಿದ್ದಾರೆ, ಅರ್ಧನಾರೀಶ್ವರ ತತ್ತ್ವವನ್ನು ತರುವವರಿದ್ದಾರೆ, ಇಂಗ್ಲಿಷಿನಲ್ಲಿ ಚಳಿಗೆ ನಡುಗುವುದನ್ನು ಸೂಚಿಸುವ ‘ಶಿವರ್’ ಎಂಬ ಪದದ ಧ್ವನಿಸಾಮ್ಯವೇ ಸಾಕು ಎನ್ನುವವರೂ ಇದ್ದಾರೆ. ಯಾಸ್ಕನ ನಿರುಕ್ತವನ್ನು ಬಲ್ಲವರಿಗೆ ಈ ದೃಶ್ಯ ಅಪರಿಚಿತವಲ್ಲ. ಇಂದ್ರ ಎಂಬ ಒಂದೇ ಪದಕ್ಕೆ ಯಾಸ್ಕ ಹಲವು ವ್ಯುತ್ಪತ್ತಿಗಳನ್ನು ಸಾಲಾಗಿ ಇಡುತ್ತಾನೆ. ಒಂದನ್ನು ಆಯ್ದು ಉಳಿದವನ್ನು ತಳ್ಳಿಹಾಕುವ ಆತುರ ಅವನಿಗಿಲ್ಲ. ಅಭಿಮಾನಿ ನಿರುಕ್ತಕಾರರಲ್ಲಿ ಈ ಸಂಯಮ ಅಪರೂಪ. ತಮ್ಮ ವ್ಯುತ್ಪತ್ತಿಯೇ ಕರ್ತೃವಿನ ‘ನಿಜವಾದ ಉದ್ದೇಶ’ ಎಂದು ಸಾಧಿಸುವ ಹಟ ಅವರಲ್ಲಿ ಎದ್ದು ಕಾಣುತ್ತದೆ. 1997ರ ‘ಫೈನಲ್ ಫ್ಯಾಂಟಸಿ 7’ರ ಪ್ರತಿನಾಯಕ ಸೆಫಿರೋತ್‌ನ ಹೆಸರು ಯಹೂದಿ ಕಬ್ಬಾಲ ಪರಂಪರೆಯ ಹತ್ತು ಸೆಫಿರೋತ್‌ಗಳನ್ನು ನೆನಪಿಸುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಆಟದ ಪ್ರತಿಯೊಂದು ಪಾತ್ರವನ್ನೂ ಆ ಹತ್ತು ತತ್ತ್ವಗಳಿಗೆ ಹೊಂದಿಸಹೊರಟ ಪಟ್ಟಿಗಳು ಆಟದ ಬಗ್ಗೆ ಹೇಳುವುದಕ್ಕಿಂತ ಪಟ್ಟಿ ಮಾಡುವವರ ಶ್ರಮದ ಬಗ್ಗೆಯೇ ಹೆಚ್ಚು ಹೇಳುತ್ತವೆ.

ಸಂಕೇತಶೋಧದ ಶಕ್ತಿ ಮತ್ತು ಮಿತಿ ಎರಡನ್ನೂ ಒಂದೆಡೆ ಕಾಣಬೇಕಾದರೆ ಅಟ್ಲಸ್ ಸಂಸ್ಥೆಯ ‘ಮೆಗಾಮಿ ಟೆನ್ಸೇ’ ಕುಟುಂಬದ ಆಟಗಳತ್ತ ಬರಬೇಕು. ಅಯಾ ನಿಶಿತಾನಿಯವರ 1986ರ ಕಾದಂಬರಿಯನ್ನು ಆಧರಿಸಿ 1987ರಲ್ಲಿ ಮೊದಲ ಆಟ ಹೊರಬಂದಿತು. ಶೀರ್ಷಿಕೆಯ ಅರ್ಥ ‘ದೇವಿಯ ಪುನರ್ಜನ್ಮ’. ಕಥೆಯ ತರುಣ ತರುಣಿಯರು ಜಪಾನಿನ ಸೃಷ್ಟಿಪುರಾಣದ ಇಜಾನಾಗಿ ಮತ್ತು ಇಜಾನಾಮಿ ದಂಪತಿಗಳ ಮರುಹುಟ್ಟು. ಅಂದಿನಿಂದ ಜಗತ್ತಿನ ನಾನಾ ಪುರಾಣಗಳ ದೇವತೆಗಳು, ದೈತ್ಯರು, ಗ್ರಾಮದೈವಗಳು ಈ ಸರಣಿಯಲ್ಲಿ ಕಲೆತಿವೆ. ಅವುಗಳ ಪೈಕಿ ಭಾರತೀಯ ಓದುಗರನ್ನು ನಿಲ್ಲಿಸುವ ಕೃತಿ ‘ಡಿಜಿಟಲ್ ಡೆವಿಲ್ ಸಾಗಾ’. ಜಪಾನಿನಲ್ಲಿ ‘ಅವತಾರ್ ಟ್ಯೂನರ್’ ಎಂಬ ಉಪಶೀರ್ಷಿಕೆಯೊಂದಿಗೆ ಇದರ ಮೊದಲ ಭಾಗ 2004ರಲ್ಲಿಯೂ ಎರಡನೆಯ ಭಾಗ 2005ರಲ್ಲಿಯೂ ಪ್ರಕಟವಾಯಿತು.

ಕಥೆಯ ಹಂದರ ಹೀಗಿದೆ. ಸದಾ ಮಳೆ ಸುರಿಯುವ ‘ಜಂಕ್‌ಯಾರ್ಡ್’ ಎಂಬ ನೆಲದಲ್ಲಿ ಕೆಲವು ಪಂಗಡಗಳು ಹೋರಾಡುತ್ತಿವೆ. ಎಲ್ಲರನ್ನೂ ಗೆದ್ದ ಪಂಗಡಕ್ಕೆ ‘ನಿರ್ವಾಣ’ ಪ್ರಾಪ್ತಿ ಎಂಬುದು ಅಲ್ಲಿಯ ಶಾಸನ. ಒಂದು ದಿನ ಯುದ್ಧಭೂಮಿಯಲ್ಲಿ ಕಾಣಿಸಿಕೊಂಡ ವಿಚಿತ್ರ ಮೊಗ್ಗೊಂದು ಸಿಡಿದು, ಪ್ರತಿಯೊಬ್ಬರ ಮೈಮೇಲೂ ‘ಆತ್ಮ’ ಎಂಬ ಮುದ್ರೆ ಮೂಡುತ್ತದೆ. ಅಂದಿನಿಂದ ಅವರು ದೈತ್ಯರೂಪ ತಾಳಬಲ್ಲರು, ಆದರೆ ಅದರ ಜೊತೆಗೇ ತಣಿಯದ ಹಸಿವು ಹುಟ್ಟುತ್ತದೆ. ಸೋತ ಶತ್ರುವನ್ನು ತಿನ್ನದಿದ್ದರೆ ಬುದ್ಧಿ ಕೆಡುತ್ತದೆ. ಕಲಿಯಬೇಕಾದ ವಿದ್ಯೆಗಳಿಗೆ ‘ಮಂತ್ರ’ ಎಂದು ಹೆಸರು, ಅವನ್ನು ಪಡೆಯುವ ಯಂತ್ರಕ್ಕೆ ‘ಕರ್ಮ’ದ ಹೆಸರು. ನೆಲದ ಭಾಗಗಳ ಹೆಸರುಗಳಲ್ಲಿ ಮೂಲಾಧಾರ, ಸ್ವಾಧಿಷ್ಠಾನ, ಮಣಿಪೂರ, ಅನಾಹತ, ಆಜ್ಞಾ ಇವೆ. ನಾಯಕನ ಪಂಗಡದ ನೆಲೆ ಮೂಲಾಧಾರದಲ್ಲಿ, ನಿರ್ವಾಣಕ್ಕೆ ದಾರಿಯಾದ ಗೋಪುರ ಸಹಸ್ರಾರದಲ್ಲಿ.

ಇಷ್ಟು ಹೇಳಿದರೆ ಸಾಕು, ಸಿದ್ಧಾಂತ ತಾನಾಗಿಯೇ ಹುಟ್ಟುತ್ತದೆ: ಜಂಕ್‌ಯಾರ್ಡ್ ಎಂಬುದು ಒಂದು ದೇಹ, ಯುದ್ಧವೆಂದರೆ ಕುಂಡಲಿನಿಯ ಏರುಹಾದಿ. ಆಟಗಾರರ ನಡುವೆ ಬಳಕೆಯಲ್ಲಿರುವ ಈ ಓದಿಗೆ ಆಟದೊಳಗೇ ಸಾಕಷ್ಟು ಆಧಾರವಿದೆ. ವಚನ, ತತ್ತ್ವಪದ, ನಾಥಪಂಥದ ಸಾಹಿತ್ಯದಲ್ಲಿ ಷಟ್ಚಕ್ರಗಳ ಪರಿಭಾಷೆಯನ್ನು ಕೇಳಿದ ಕನ್ನಡ ಓದುಗರಿಗಂತೂ ಅದು ಬಿಡಿಸಿ ಹೇಳಬೇಕಾದ ಒಗಟೇ ಅಲ್ಲ. ಆದರೆ ಹೊಂದಿಕೆ ಕಂಡಲ್ಲಿಗೆ ಓದು ನಿಂತುಬಿಡುವುದೇ ಈ ಬಗೆಯ ಸಿದ್ಧಾಂತದ ದೌರ್ಬಲ್ಯ. ಯೋಗಮಾರ್ಗದಲ್ಲಿ ಚಕ್ರದಿಂದ ಚಕ್ರಕ್ಕೆ ಸಾಗುವುದು ಲಯ, ಕೆಳಗಿನದು ಮೇಲಿನದರಲ್ಲಿ ಕರಗುವುದು. ಆಟದಲ್ಲಿ ಅದು ದಂಡಯಾತ್ರೆ. ಲಯವನ್ನು ದಂಡಯಾತ್ರೆಯನ್ನಾಗಿ ಮಾಡಿದಾಗ ಅರ್ಥಕ್ಕೆ ಏನಾಯಿತು ಎಂದು ಕೇಳಿದರೆ ಮಾತ್ರ ಸಂಕೇತ ಮಾತನಾಡುತ್ತದೆ. ಗೆದ್ದವನು ಸೋತವನನ್ನು ತಿಂದು ತನ್ನೊಳಗೆ ಸೇರಿಸಿಕೊಳ್ಳುತ್ತಾನೆ; ಅದೂ ಒಂದು ಲಯವೇ. ಆದರೆ ಹಸಿವೆಯಿಂದ ಆದ ಲಯ. ಅತಿಯಾಗಿ ತಿಂದವನಿಗೆ ಹೊಟ್ಟೆನೋವು ಬರುವಂತೆ ಆಟದ ನಿಯಮವನ್ನೇ ರೂಪಿಸಿದ ರಚಕರಿಗೆ ತಾವು ಏನು ಮಾಡುತ್ತಿದ್ದೇವೆಂಬ ಅರಿವು, ತುಸು ವಿನೋದದ ಜೊತೆಗೆ, ಇದ್ದಂತೆ ತೋರುತ್ತದೆ.

ಹೆಸರನ್ನು ಮಾತ್ರ ನಂಬಿದರೆ ಆಗುವ ಅನಾಹುತಕ್ಕೆ ಇದೇ ಆಟದ ನಾಯಕ ನಿದರ್ಶನ. ಅವನ ದೈತ್ಯರೂಪದ ಹೆಸರು ಇಂಗ್ಲಿಷ್ ಆವೃತ್ತಿಯಲ್ಲಿ ‘ವರ್ಣ’ ಎಂದು ಓದಿಕೊಳ್ಳುವಂತಿದೆ. ಭಾರತದ ಸಮಾಜರಚನೆಯ ಪರಿಚಯವಿದ್ದವರಿಗೆ ಇದರಿಂದ ಒಂದು ಮೋಹಕವಾದ ಹಾದಿ ತೆರೆಯುತ್ತದೆ: ಒಬ್ಬರನ್ನೊಬ್ಬರು ತಿಂದು ಮೇಲೇರುವ ಪಂಗಡಗಳ ಕಥೆಯಲ್ಲಿ ನಾಯಕನ ಹೆಸರೇ ವರ್ಣವಾದರೆ ಅದು ಶ್ರೇಣೀಕರಣದ ವಿಮರ್ಶೆಯಲ್ಲವೇ? ವಾದ ಚೆಲುವಾಗಿದೆ, ಆದರೆ ನಿಲ್ಲುವುದಿಲ್ಲ. ಜಪಾನಿನ ಕತಕಾನ ಲಿಪಿಯಲ್ಲಿ ವರುಣ ಮತ್ತು ವರ್ಣ ಎಂಬ ಎರಡು ಪದಗಳನ್ನೂ ಒಂದೇ ರೀತಿಯಲ್ಲಿ ಬರೆಯುತ್ತಾರೆ. ಒತ್ತಕ್ಷರವನ್ನು ಬಿಡಿಸಿ ನುಡಿಯುವ ಆ ಲಿಪಿಗೆ ಇವುಗಳ ಭೇದ ಕಾಣದು. ಕನ್ನಡ ಲಿಪಿಯಲ್ಲಿ ಈ ಗೊಂದಲ ಹುಟ್ಟುವುದೇ ಇಲ್ಲ. ಪಾಠನಿರ್ಣಯಕ್ಕೆ ಒಳಗಿನ ಸಾಕ್ಷ್ಯವೇ ಸಾಕು. ನಾಯಕನ ಸಂಗಾತಿಗಳ ರೂಪಗಳು ಅಗ್ನಿ, ವಾಯು, ಪೃಥಿವೀ, ದ್ಯೌಸ್. ಮುಂದೆ ಬರುವವನು ಇಂದ್ರ. ಈ ವೈದಿಕ ದೇವತೆಗಳ ಸಾಲಿನಲ್ಲಿ ಕೂರಬಲ್ಲವನು ವರುಣನೇ ಹೊರತು ವರ್ಣವಲ್ಲ. ಪಾತ್ರಗಳ ಮಾನವ ಹೆಸರುಗಳೂ ಇದನ್ನೇ ಸಾರುತ್ತವೆ. ಅಗ್ನಿಯಾಗುವವನು ‘ಹೀಟ್’, ವಾಯುವಾಗುವವನು ‘ಗೇಲ್’, ಪೃಥಿವಿಯಾಗುವವಳು ಲ್ಯಾಟಿನ್ನಿನಲ್ಲಿ ಜೇಡಿಮಣ್ಣು ಎಂಬರ್ಥದ ‘ಆರ್ಜಿಲ್ಲಾ’, ದ್ಯೌಸ್ ಆಗುವವನು ಸ್ಪ್ಯಾನಿಷ್‌ನಲ್ಲಿ ಆಕಾಶ ಎಂಬರ್ಥದ ‘ಸಿಯೆಲೋ’. ನಾಯಕನ ಹೆಸರನ್ನು ಜಪಾನಿ ಉಚ್ಚಾರಣೆಯಲ್ಲಿ ಕೇಳಿದರೆ ತೆರೆಯ ನೊರೆಯನ್ನು ಸೂಚಿಸುವ ಇಂಗ್ಲಿಷಿನ ‘ಸರ್ಫ್’ ಪದವೇ ಕೇಳಿಸುತ್ತದೆ. ಜಲಾಧಿಪತಿಗೆ ತಕ್ಕ ಹೆಸರು. ಹಸ್ತಪ್ರತಿಗಳನ್ನು ತುಲನೆ ಮಾಡುವಾಗ ಬಳಸುವ ಸಾಮಾನ್ಯ ಎಚ್ಚರವನ್ನೇ ಇಲ್ಲಿಯೂ ಬಳಸಿದ್ದರೆ ಸಾಕಿತ್ತು.

ಹಾಗಾದರೆ ಈ ಕೃತಿಗೂ ಭಾರತೀಯ ಚಿಂತನೆಗೂ ಇರುವ ನಿಜವಾದ ನಂಟು ಎಲ್ಲಿದೆ? ಅದನ್ನು ಹೆಸರುಗಳಲ್ಲಿ ಹುಡುಕುವುದಕ್ಕಿಂತ ಹಸಿವೆಯಲ್ಲಿ ಹುಡುಕುವುದು ಲೇಸು. ಬೃಹದಾರಣ್ಯಕ ಉಪನಿಷತ್ತಿನ ಆರಂಭದ ಸೃಷ್ಟಿಕಥನದಲ್ಲಿ ಮೃತ್ಯು ಮತ್ತು ಹಸಿವೆ ಒಂದೇ. ತೈತ್ತಿರೀಯದ ಭೃಗುವಲ್ಲಿ ಅನ್ನ ಮತ್ತು ಅನ್ನವನ್ನು ಉಣ್ಣುವವನ ಅಭೇದದತ್ತ ಸಾಗುತ್ತದೆ. ಆಟದ ಎರಡನೆಯ ಭಾಗದಲ್ಲಿ ನಿರ್ವಾಣವೆಂದು ನಂಬಿದ್ದುದು ಸೂರ್ಯನ ಬೆಳಕಿಗೆ ಮನುಷ್ಯರು ಕಲ್ಲಾಗುವ ಹಾಳುಲೋಕವಾಗಿ ಕಾಣುತ್ತದೆ. ತಿಂದವರು, ತಿನ್ನಲ್ಪಟ್ಟವರು ಕೊನೆಗೆ ಸೂರ್ಯನೊಳಗೆ ಒಂದಾಗುತ್ತಾರೆ. ಅಲ್ಲಿ ಅವರು ಎದುರಿಸಬೇಕಾದ ಅಂತಿಮ ಶತ್ರುವಿನ ಹೆಸರು ‘ಬ್ರಹ್ಮನ್’. ಪರಬ್ರಹ್ಮವನ್ನು ಶತ್ರುವಾಗಿ ನಿಲ್ಲಿಸಿದುದನ್ನು ಕಂಡು ರೇಗುವುದು ಸುಲಭ. ನಮ್ಮ ವೇದಾಂತ ಜಪಾನನ್ನು ಮುಟ್ಟಿತೆಂದು ಬೀಗುವುದು ಇನ್ನೂ ಸುಲಭ. ಬೇರೊಂದು ಬಗೆಯ ಆಟವಾದ ‘ಸ್ಮೈಟ್’ನಲ್ಲಿ ಕಾಳಿಯನ್ನು ಚಿತ್ರಿಸಿದ ರೀತಿಯ ಬಗ್ಗೆ 2012ರಲ್ಲಿ ಅಮೆರಿಕದ ಹಿಂದೂ ಸಂಘಟನೆಯೊಂದು ಆಕ್ಷೇಪವೆತ್ತಿತ್ತು, ದೇವತೆಯನ್ನು ಆಟಗಾರನು ಕೈಯಲ್ಲಿ ಹಿಡಿದು ಆಡಿಸುವ ಬಗ್ಗೆ ಭಕ್ತರಿಗಿರುವ ಅಳುಕನ್ನು ಲಘುವಾಗಿ ಕಾಣಬೇಕಿಲ್ಲ. ಆದರೆ ‘ಡಿಜಿಟಲ್ ಡೆವಿಲ್ ಸಾಗಾ’ದ ವಿಷಯದಲ್ಲಿ ಕೇಳಬೇಕಾದುದು ಬೇರೆ. ಅಭೇದವನ್ನು ಗುರಿಯೆಂದು ಒಪ್ಪಿದ ಚಿಂತನೆಯನ್ನು, ಗೆಲುವನ್ನೇ ನಿಯಮವಾಗಿಸಿಕೊಂಡ ಕಲಾಪ್ರಕಾರವೊಂದು ಹೇಗೆ ಹೇಳಬಲ್ಲದು? ಪಾತ್ರಧಾರಣ ಆಟದಲ್ಲಿ ಕೊನೆಗೊಂದು ಕಾಳಗ ಇರಲೇಬೇಕು. ಬ್ರಹ್ಮನ್ ಶತ್ರುವಾದುದು ತತ್ತ್ವದ ಆಯ್ಕೆಗಿಂತ ಪ್ರಕಾರದ ಒತ್ತಾಯ ಎಂದೇ ತೋರುತ್ತದೆ. ಅಭಿಮಾನಿ ಸಿದ್ಧಾಂತಗಳು ಸಂಕೇತದ ಬಗ್ಗೆ ಎಷ್ಟೇ ಮಾತನಾಡಿದರೂ ಪ್ರಕಾರದ ಈ ಒತ್ತಾಯವನ್ನು ಮಾತ್ರ ಸಾಮಾನ್ಯವಾಗಿ ಗಮನಿಸುವುದಿಲ್ಲ.

ಇನ್ನು ಲೋಕಗಳನ್ನು ಬೆಸೆಯುವ ಸಿದ್ಧಾಂತಗಳು. ಮೇಲಿನ ಆಟದ ಮೊದಲ ಭಾಗದಲ್ಲಿ ಒಮ್ಮೆ ಮುಗಿಸಿ ಮತ್ತೊಮ್ಮೆ ಆಡುವವರಿಗೆ ಮಾತ್ರ ಎದುರಾಗುವ ಗುಪ್ತ ಪ್ರತಿಸ್ಪರ್ಧಿಯೊಬ್ಬನಿದ್ದಾನೆ. ಅವನು 2003ರ ‘ಶಿನ್ ಮೆಗಾಮಿ ಟೆನ್ಸೇ 3: ನಾಕ್ಟರ್ನ್’ ಆಟದ ನಾಯಕ, ಅರ್ಧ ಮನುಷ್ಯ ಅರ್ಧ ದೈತ್ಯ. ಒಂದು ಕಥೆಯ ನಾಯಕ ಇನ್ನೊಂದು ಕಥೆಯೊಳಕ್ಕೆ ಹೆಜ್ಜೆಯಿಟ್ಟ ಈ ಒಂದು ಕ್ಷಣದಿಂದ ಸಿದ್ಧಾಂತಗಳ ದೊಡ್ಡ ಬಳ್ಳಿಯೇ ಹಬ್ಬಿದೆ. ಅದಕ್ಕೆ ಚಪ್ಪರ ಒದಗಿಸಿದುದು ‘ನಾಕ್ಟರ್ನ್’ನ ‘ಅಮಲ’ ಎಂಬ ಕಲ್ಪನೆ: ಹುಟ್ಟಿ ಅಳಿದು ಮತ್ತೆ ಹುಟ್ಟುವ ಎಣಿಕೆಯಿಲ್ಲದ ಲೋಕಗಳ ಸಮೂಹ. ಯೋಗಾಚಾರ ಬೌದ್ಧರ ಒಂದು ಕವಲಿನಲ್ಲಿ ‘ಅಮಲವಿಜ್ಞಾನ’ವೆಂದರೆ ಕಲ್ಮಷವಿಲ್ಲದ ಒಂಬತ್ತನೆಯ ವಿಜ್ಞಾನ. ಆಟದಲ್ಲಿ ಆ ಪದ ವಿಶ್ವಗಳ ನಡುವಿನ ದಾರಿಗಳ ಹೆಸರಾಗಿದೆ. ಸರಣಿಯ ಯಾವುದೇ ಎರಡು ಆಟಗಳ ನಡುವೆ ವಿರೋಧ ಕಂಡರೂ ಅಭಿಮಾನಿಯು ಅಮಲವನ್ನು ಮುಂದಿಟ್ಟು, ಇವು ಒಂದೇ ಸಮೂಹದ ಬೇರೆಬೇರೆ ಲೋಕಗಳೆಂದು ಸಮಾಧಾನ ಹೇಳಬಲ್ಲ. ನಮ್ಮ ಪುರಾಣಕಾರರು ಒಂದೇ ಕಥೆಯ ಎರಡು ರೂಪಗಳಿಗೆ ಕಲ್ಪಭೇದವೆಂಬ ಸಮಾಧಾನ ಕೊಟ್ಟುದೂ ಇದೇ ತರ್ಕದಿಂದ.

ಇದಕ್ಕಿಂತ ಸರಳವಾದ ಕೊಂಡಿಗಳೂ ಇವೆ. 1994ರ ‘ಶಿನ್ ಮೆಗಾಮಿ ಟೆನ್ಸೇ ಇಫ್’ ಆಟದ ನಾಯಕಿ 1996ರ ‘ಪರ್ಸೋನಾ’ದಲ್ಲಿ ತಮಾಕಿ ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತಾಳೆ. ಟೋಕಿಯೋ ನಾಶವಾದ 1992ರ ಆಟದ ಲೋಕ ಒಂದು ಕವಲು, ನಾಶವಾಗದೆ ಉಳಿದ ‘ಇಫ್’ ಮತ್ತು ‘ಪರ್ಸೋನಾ’ಗಳ ಲೋಕ ಇನ್ನೊಂದು ಕವಲು ಎಂದು ಅಭಿಮಾನಿಗಳು ವಂಶವೃಕ್ಷ ಬರೆದಿರುವುದು ಈ ಬಗೆಯ ಕೊಂಡಿಗಳನ್ನು ಹಿಡಿದೇ.

‘ಫೈನಲ್ ಫ್ಯಾಂಟಸಿ’ ಸರಣಿಯ ಪ್ರಕರಣ ಹೆಚ್ಚು ಕುತೂಹಲಕರವಾದುದು. 2003ರ ‘ಫೈನಲ್ ಫ್ಯಾಂಟಸಿ 10-2’ರಲ್ಲಿ ಶಿನ್ರಾ ಎಂಬ ಬಾಲಪಂಡಿತನೊಬ್ಬನಿದ್ದಾನೆ. ಗ್ರಹದೊಳಗೆ ಹರಿಯುವ ಪ್ರಾಣಶಕ್ತಿಯನ್ನು ಹೊರತೆಗೆದು ಬಳಸಬಹುದೆಂದು ಅವನು ಒಂದೆಡೆ ಹೇಳುತ್ತಾನೆ. ಆರು ವರ್ಷ ಮೊದಲಿನ ‘ಫೈನಲ್ ಫ್ಯಾಂಟಸಿ 7’ರಲ್ಲಿ ಭೂಮಿಯ ಪ್ರಾಣಪ್ರವಾಹವನ್ನು ಹೀರಿ ಇಂಧನವಾಗಿಸುವ ದುಷ್ಟ ಉದ್ದಿಮೆಯ ಹೆಸರೂ ಶಿನ್ರಾ. ಸುಳಿವನ್ನು ಹಿಡಿಯಲು ಆಟಗಾರರಿಗೆ ತಡವಾಗಲಿಲ್ಲ. ಅದೇ ವರ್ಷ ಪ್ರಕಟವಾದ ‘ಅಲ್ಟಿಮೇನಿಯಾ’ ಕೈಪಿಡಿಯಲ್ಲಿ ಕಥಾಲೇಖಕ ಕಾಜುಶಿಗೆ ನೊಜಿಮಾ ಆ ಕೊಂಡಿಯನ್ನು ಒಪ್ಪಿಕೊಂಡರು: ಬಾಲಕನ ಕಾಲದಲ್ಲಿ ಆ ಪ್ರಯತ್ನ ಕೈಗೂಡಲಿಲ್ಲ, ಬಹುಕಾಲದ ನಂತರ ಅವನ ಮುಂದಿನ ತಲೆಮಾರಿನವರು ದೂರದ ಗ್ರಹಕ್ಕೆ ಹೋಗಿ ಉದ್ದಿಮೆ ಸ್ಥಾಪಿಸಿದರು ಎಂಬುದು ಆ ವಿವರಣೆಯ ಸಾರ. ಅಲ್ಲಿಗೆ ಚರ್ಚೆ ಮುಗಿಯಿತೆಂದು ಅಭಿಮಾನಿಗಳಲ್ಲಿ ಬಹುಮಂದಿ ಭಾವಿಸಿದರು. ಮುಗಿಯಬೇಕಾದ ಕಾರಣ ಏನು? 1997ರ ಕೃತಿಯೊಳಗೆ ಈ ಪೂರ್ವಕಥೆಯ ಸುಳಿವೇ ಇಲ್ಲ. ನಂತರ ಹುಟ್ಟಿದ ಕಥೆ ಮೊದಲಿನ ಕಥೆಗೆ ಪೂರ್ವಜನಾಗಿ ನಿಂತಿದೆ. ಹೊಯ್ಸಳರ ಶಾಸನಕಾರರು ಯದುವಂಶವನ್ನು ಹಿಂದಕ್ಕೆ ಜೋಡಿಸಿದಾಗ ನಡೆದದ್ದೂ ಇದೇ. ವಂಶಾವಳಿಯು ಜೋಡಿಸಿದ ಕಾಲದ ಅಗತ್ಯವನ್ನು ಹೇಳುತ್ತದೆಯೇ ಹೊರತು ಮೂಲವನ್ನಲ್ಲ. ಕರ್ತೃವಿನ ಹೇಳಿಕೆ ಒಂದು ಪಾಠ, ಅದರಲ್ಲಿಯೂ ತಡವಾಗಿ ಬಂದ ಪಾಠ. ಅದಕ್ಕೆ ಗೌರವ ಸಲ್ಲಬೇಕು, ಆದರೆ ಉಳಿದ ಪಾಠಗಳನ್ನು ಅಳಿಸುವ ಅಧಿಕಾರ ಸಲ್ಲಬೇಕಾಗಿಲ್ಲ.

ಕರ್ತೃವಿನ ಮಾತು ತೀರ್ಪಾಗುವುದು ಎಷ್ಟೋ ಸಲ ಹಕ್ಕುಸ್ವಾಮ್ಯದ ನೆರಳಿನಲ್ಲಿ. 1998ರ ‘ಜೀನೋಗಿಯರ್ಸ್’ ತೆತ್ಸುಯಾ ತಕಹಾಶಿಯವರ ಕೃತಿ. ಅದರ ಮುಕ್ತಾಯದಲ್ಲಿ ಇದು ಐದನೆಯ ಕಾಂಡ ಎಂಬ ಸೂಚನೆಯಿದೆ. ಉಳಿದ ಕಾಂಡಗಳ ಚರಿತ್ರೆಯನ್ನು ‘ಪರ್ಫೆಕ್ಟ್ ವರ್ಕ್ಸ್’ ಎಂಬ ಗ್ರಂಥ ನೀಡಿತು. ತಕಹಾಶಿ ಸ್ಕ್ವೇರ್ ಸಂಸ್ಥೆಯನ್ನು ಬಿಟ್ಟು, 1999ರಲ್ಲಿ ಸ್ಥಾಪನೆಯಾದ ಮೊನೊಲಿತ್ ಸಾಫ್ಟ್ ಮೂಲಕ 2002ರಲ್ಲಿ ‘ಜೀನೋಸಾಗಾ’ವನ್ನು ತಂದಾಗ ಅದರ ಪ್ರಕಾಶಕರು ನಾಮ್ಕೋ. 2010ರ ‘ಜೀನೋಬ್ಲೇಡ್’ ಹ್ಯೊತ್ತಿಗೆ ಪ್ರಕಾಶಕರು ನಿಂಟೆಂಡೋ. ಒಬ್ಬನೇ ಕಥನಕಾರನ ಕಲ್ಪನೆ ಮೂರು ಒಡೆಯರ ಹೊಲಗಳಲ್ಲಿ ಹಂಚಿಹೋಯಿತು. ಮೂರನ್ನೂ ಒಂದೇ ಲೋಕವೆಂದು ಸಂಸ್ಥೆಗಳು ಸಾರುವುದು ಕಷ್ಟ; ಅಭಿಮಾನಿಗಳು ಮಾತ್ರ ಬೇಲಿ ದಾಟಿ ಓಡಾಡುತ್ತಾರೆ. ಇಲ್ಲಿ ಅಭಿಮಾನಿ ಸಿದ್ಧಾಂತವೇ ಕೃತಿಗಳ ಅಖಂಡತೆಯನ್ನು ಕಾಪಾಡಿಕೊಂಡು ಬಂದ ಏಕೈಕ ಪರಂಪರೆ ಎಂದರೆ ಅತಿಶಯೋಕ್ತಿಯಾಗಲಾರದು.

ಈ ಸಾಮಗ್ರಿಯನ್ನು ವಿವರಿಸಲು ಪಾಶ್ಚಾತ್ಯ ಅಭಿಮಾನಿ ಅಧ್ಯಯನಕ್ಕಿಂತ ಜಪಾನಿನ ವಿಮರ್ಶಕ ಎಯಿಜಿ ಒತ್ಸುಕಾ 1989ರಲ್ಲಿ ಮಂಡಿಸಿದ ‘ಕಥನ ಸೇವನೆ’ಯ ವಿಚಾರ ಹೆಚ್ಚು ಒದಗಿಬರುತ್ತದೆ. 1980ರ ದಶಕದಲ್ಲಿ ಲೊತ್ತೆ ಸಂಸ್ಥೆಯ ‘ಬಿಕ್ಕುರಿಮಾನ್’ ಚಾಕಲೇಟಿನ ಪ್ರತಿ ಪೊಟ್ಟಣದಲ್ಲಿ ಒಂದು ಅಂಟುಚಿತ್ರವಿರುತ್ತಿತ್ತು. ಅದರ ಹಿಂದೆ ದೇವದೈತ್ಯರ ಬಗೆಗಿನ ಒಂದೆರಡು ಸಾಲಿನ ಮಾಹಿತಿ. ಒಟ್ಟು 772 ಚಿತ್ರಗಳು. ಮಕ್ಕಳು ಅವನ್ನು ಕೂಡಿಸುತ್ತ ಹೋದಂತೆ ಹಿಂದೆ ಅಡಗಿದ್ದ ಒಂದು ಮಹಾಪುರಾಣ ತೋರತೊಡಗಿತು. ಮಕ್ಕಳಿಗೆ ಬೇಕಾದದ್ದು ಚಾಕಲೇಟಲ್ಲ, ಚಿತ್ರವೂ ಅಲ್ಲ, ಆ ಪುರಾಣ ಎಂಬುದು ಒತ್ಸುಕಾರ ತರ್ಕ. ಅದರ ವ್ಯವಸ್ಥೆ ಪೂರ್ತಿ ತಿಳಿದ ಮೇಲೆ ಮಗುವೊಂದು 773ನೆಯ ಚಿತ್ರವನ್ನು ತಾನೇ ಬರೆಯಬಹುದು. ಆಗ ಅದನ್ನು ನಕಲಿ ಎನ್ನಲು ಆಧಾರವೇನು? ಕಬುಕಿ ರಂಗಭೂಮಿಯ ‘ಸೆಕಾಯ್’ ಮತ್ತು ‘ಶುಕೋ’ ಎಂಬ ಪರಿಭಾಷೆಯನ್ನು ಅವರು ಇಲ್ಲಿ ತರುತ್ತಾರೆ: ಪ್ರೇಕ್ಷಕರೆಲ್ಲರಿಗೂ ಗೊತ್ತಿರುವ ಕಥಾಲೋಕ ಒಂದು, ಅದರೊಳಗೆ ನಾಟಕಕಾರ ಹೂಡುವ ಹೊಸ ತಿರುವು ಇನ್ನೊಂದು. 1703ರಲ್ಲಿ ಮುಗಿದ ಸಮುರಾಯ್ ಸೇಡಿನ ಘಟನೆಯನ್ನು 1748ರ ‘ಚೂಶಿಂಗುರ’ ನಾಟಕ ಹದಿನಾಲ್ಕನೆಯ ಶತಮಾನದ ‘ತೈಹೆಯಿಕಿ’ ಲೋಕದೊಳಗೆ ಇಟ್ಟಿತು. 1825ರಲ್ಲಿ ನಾಲ್ಕನೆಯ ತ್ಸುರುಯಾ ನಂಬೊಕು ತನ್ನ ‘ಯೊತ್ಸುಯಾ’ ಭೂತಕಥೆಯನ್ನು ಆ ‘ಚೂಶಿಂಗುರ’ದ ಲೋಕದೊಳಗೇ ಹೆಣೆದ. ಹಂಚಿಕೊಂಡ ಲೋಕವೆಂಬುದು ಆಟಗಾರರ ಆವಿಷ್ಕಾರವಲ್ಲ, ಜಪಾನಿನ ರಂಗಪರಂಪರೆಯ ನಿತ್ಯದ ವ್ಯವಹಾರ.

ನಮ್ಮ ಕಡೆ ಇದಕ್ಕೆ ಸಂವಾದಿಗಳನ್ನು ಹುಡುಕಲು ಹೆಚ್ಚು ದೂರ ಹೋಗಬೇಕಿಲ್ಲ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರು ತಮ್ಮ ಗುರುವನ್ನು ಕಲ್ಯಾಣಕ್ಕೆ ಕರೆದೊಯ್ದು ಬಸವಣ್ಣನ ಮನೆಬಾಗಿಲಲ್ಲಿ ನಿಲ್ಲಿಸುತ್ತಾರೆ. ಚರಿತ್ರಕಾರನ ಕಾಲಗಣನೆಗೆ ಅದು ಒಗ್ಗದು. ಆದರೆ ಆ ಭೇಟಿಯಿಲ್ಲದೆ ಕಾವ್ಯವೇ ಇಲ್ಲ. ಶರಣರ ಲೋಕವನ್ನು ತಳಸಮುದಾಯದ ಗುರುವೊಬ್ಬ ಒಳಗಿನಿಂದ ಪರೀಕ್ಷಿಸುವ ಹಕ್ಕನ್ನು ಹಾಡುಗಾರರು ಆ ಮೂಲಕ ಪಡೆದುಕೊಂಡರು. ಅಲ್ಲಿ ಬೆಸುಗೆ ಒಂದು ವಾದ. ಆಟಗಳ ಅಭಿಮಾನಿ ಸಿದ್ಧಾಂತಗಳಲ್ಲಿ ಸಾಮಾನ್ಯವಾಗಿ ಕಾಣದಿರುವುದು ಈ ವಾದವೇ. ಎರಡು ಲೋಕಗಳು ಒಂದೇ ಎಂದು ಸಾಧಿಸಿದ ಮೇಲೆ ಅದರಿಂದ ಏನಾಯಿತು ಎಂಬ ಪ್ರಶ್ನೆಗೆ ಬಹಳಷ್ಟು ಸಿದ್ಧಾಂತಗಳಲ್ಲಿ ಉತ್ತರವಿಲ್ಲ. ಶಿನ್ರಾ ಪ್ರಕರಣ ಇದಕ್ಕೆ ಅಪವಾದವಾಗಬಹುದು. ಮುಗ್ಧ ಬಾಲಕನೊಬ್ಬನ ಜಿಜ್ಞಾಸೆಯೇ ಮುಂದೊಂದು ದಿನ ಬೇರೊಂದು ಗ್ರಹದ ರಕ್ತ ಹೀರುವ ಉದ್ದಿಮೆಯಾಯಿತು ಎಂದು ಓದಿದರೆ ಎರಡೂ ಆಟಗಳ ಅರ್ಥ ಬದಲಾಗುತ್ತದೆ. ಪ್ರಾಣಪ್ರವಾಹವನ್ನು ಕಾಯುವ ಕಥೆಯೂ ಅದನ್ನು ಅಗೆಯುವ ಕಥೆಯೂ ಒಂದೇ ಬೇರಿನವು ಎಂಬ ಕಹಿಯಾದ ಅರಿವು ಅಲ್ಲಿದೆ. ನೊಜಿಮಾರ ವಿವರಣೆಗಿಂತ ಆಟಗಾರರು ಅದರಿಂದ ಮಾಡಿಕೊಂಡ ಈ ಓದು ಹೆಚ್ಚು ಬೆಲೆಯುಳ್ಳದ್ದು.

ಸಂಗ್ರಹದ ಪ್ರಶ್ನೆಯೂ ಇಲ್ಲಿ ತುರ್ತಿನದು. ಸಂಸ್ಥೆಯೊಂದು ಅಧಿಕೃತ ಕಾಲಾನುಕ್ರಮವನ್ನು ಪ್ರಕಟಿಸಿದೊಡನೆ ಅದಕ್ಕೆ ಹೊಂದದ ಊಹೆಗಳು ಬಳಕೆಯಿಂದ ಜಾರತೊಡಗುತ್ತವೆ. 2011ರ ಡಿಸೆಂಬರಿನಲ್ಲಿ ನಿಂಟೆಂಡೋ ‘ಜೆಲ್ಡಾ’ ಸರಣಿಯ ಕಾಲಾನುಕ್ರಮವನ್ನು ಮೂರು ಕವಲುಗಳಲ್ಲಿ ಬಿಡಿಸಿಟ್ಟ ‘ಹೈರೂಲ್ ಹಿಸ್ಟೋರಿಯಾ’ ಗ್ರಂಥ ಬರುವವರೆಗೆ ಆ ಆಟಗಳ ಕ್ರಮದ ಬಗ್ಗೆ ಆಟಗಾರರು ಕಟ್ಟಿದ್ದ ವೃಕ್ಷಗಳು ಅನೇಕ. ಗ್ರಂಥ ಬಂದ ಮೇಲೆ ಅವು ‘ತಪ್ಪು ಉತ್ತರ’ಗಳಾದವು. ಒಂದು ಪುರಾಣವನ್ನು ಸಮುದಾಯವು ಹೇಗೆ ಜೋಡಿಸಿಕೊಳ್ಳುತ್ತದೆ ಎಂಬುದಕ್ಕೆ ಆ ತಪ್ಪು ಉತ್ತರಗಳೇ ಸಾಕ್ಷ್ಯ. ಅಧಿಕೃತ ಗ್ರಂಥ ಗ್ರಂಥಾಲಯದ ಕಪಾಟಿನಲ್ಲಿ ಉಳಿಯುತ್ತದೆ. ಅವುಗಳಿಗೆ ಅಂಥ ಕಪಾಟಿಲ್ಲ.

‘ಡಿಜಿಟಲ್ ಡೆವಿಲ್ ಸಾಗಾ’ದ ಮೂಲಕಲ್ಪನೆಯನ್ನು ರೂಪಿಸುವಲ್ಲಿ ಭಾಗಿಯಾಗಿದ್ದ ಕಾದಂಬರಿಗಾರ್ತಿ ಯು ಗೊದಾಯ್ 2011ರಲ್ಲಿ ಹಯಕಾವಾ ಪ್ರಕಾಶನದ ಮೂಲಕ ‘ಕ್ವಾಂಟಮ್ ಡೆವಿಲ್ ಸಾಗಾ’ ಎಂಬ ಕಾದಂಬರಿಮಾಲೆಯನ್ನು ಹೊರತಂದರು. ಪಾತ್ರಗಳು ಅವೇ, ಹಸಿವೆ ಅದೇ, ಕಥೆ ಮಾತ್ರ ಹಲವೆಡೆ ಬೇರೆ ದಾರಿ ಹಿಡಿಯುತ್ತದೆ. ಆಟ ಮೊದಲು ಪ್ರಕಟವಾಯಿತು, ಕಲ್ಪನೆ ಅದಕ್ಕೂ ಮೊದಲಿನದು, ಕಾದಂಬರಿ ಕೊನೆಯಲ್ಲಿ ಬಂದಿತು. ಯಾವುದು ಮೂಲಪಾಠ, ಯಾವುದು ಪಾಠಾಂತರ ಎಂದು ಗೆರೆ ಎಳೆಯಹೊರಡುವ ಸಂಪಾದಕ ಇಲ್ಲಿ ತಡವರಿಸುತ್ತಾನೆ. ‘ಅಮಲ’ದ ತರ್ಕವನ್ನು ಬಲ್ಲ ಆಟಗಾರನಿಗೆ ಆ ತೊಡಕಿಲ್ಲ. ಅವನ ಲೆಕ್ಕದಲ್ಲಿ ಅದು ಅಳಿದು ಮತ್ತೆ ಹುಟ್ಟಿದ ಇನ್ನೊಂದು ಲೋಕ.